ಬಾಗಿಲಿಗೆ ಕಟ್ಟಿದ ಸೊಪ್ಪು

ಇಟಲಿಯ ಈಶಾನ್ಯ ಮೂಲೆಯಲ್ಲಿರುವ ಬಂದರು ನಗರ ಟ್ರಿಯೆಸ್ಟೆ. ಅದರ ಬೆನ್ನಿಗೇ ಎದ್ದು ನಿಂತ ಸುಣ್ಣಕಲ್ಲಿನ ದಿಬ್ಬವನ್ನು ಇಟಾಲಿಯನ್ನರು ಕಾರ್ಸೊ ಎನ್ನುತ್ತಾರೆ, ಸ್ಲೊವೇನಿಯನ್ನರು ಕ್ರಾಸ್ ಎನ್ನುತ್ತಾರೆ, ಜರ್ಮನರು ಕಾರ್ಸ್ಟ್ ಎನ್ನುತ್ತಾರೆ. ಭೂಗೋಳದ ಪಾಠದಲ್ಲಿ ನಾವು ಓದಿದ ‘ಕಾರ್ಸ್ಟ್’ ಎಂಬ ಮಾತು ಹುಟ್ಟಿದ್ದು ಇಲ್ಲೇ. ಬಿದ್ದ ಮಳೆಯೆಲ್ಲ ಕಲ್ಲಿನ ಬಿರುಕುಗಳಲ್ಲಿ ಇಳಿದು ಮಾಯವಾಗುವ ನೆಲ ಇದು. ತಗ್ಗುಗಳಲ್ಲಿ ಉಳಿದ ಕೆಂಪು ಮಣ್ಣಿನಲ್ಲಿ ಜನ ದ್ರಾಕ್ಷಿ ಬೆಳೆಯುತ್ತಾರೆ.

ಇಲ್ಲಿನ ಹಳ್ಳಿಗಳ ಕವಲುದಾರಿಯಲ್ಲಿ ನಿಂತರೆ ಕಂಬಕ್ಕೆ ಕಟ್ಟಿದ ಹಸಿರು ಐವಿ ಬಳ್ಳಿಯ ಗೊಂಚಲು, ಅದರ ಜೊತೆಗೊಂದು ಕೆಂಪು ಬಾಣ ಕಾಣುತ್ತದೆ. ಬಾಣ ಹಿಡಿದು ಹೋದರೆ ಸಿಗುವುದು ಹೋಟೆಲ್ಲೂ ಅಲ್ಲ, ಪಡಖಾನೆಯೂ ಅಲ್ಲ, ಒಬ್ಬ ರೈತನ ಮನೆಯಂಗಳ. ಅಂಗಳದಲ್ಲಿ ಉದ್ದ ಬೆಂಚುಗಳು, ಒಳಗೆ ವೈನಿನ ಪೀಪಾಯಿ. ಇದಕ್ಕೆ ಓಸ್ಮಿತ್ಸಾ ಎಂದು ಹೆಸರು. ಸ್ಲೊವೇನಿಯನ್ ಭಾಷೆಯಲ್ಲಿ ‘ಓಸೆಮ್’ ಎಂದರೆ ಎಂಟು. ರೈತ ತನ್ನ ವೈನನ್ನು ತನ್ನ ಮನೆಯಲ್ಲೇ ಎಂಟು ದಿನ ಮಾರಬಹುದಾಗಿದ್ದ ಕಾಲದ ಹೆಸರು ಅದು.

ಈ ಪದ್ಧತಿಯ ಮೂಲ ಕೇಳಿದರೆ ಎಲ್ಲರೂ ಒಂದೇ ತಾರೀಖು ಹೇಳುತ್ತಾರೆ: 1784ರ ಆಗಸ್ಟ್ 17. ಟ್ರಿಯೆಸ್ಟೆ ಆಗ ಹ್ಯಾಬ್ಸ್‌ಬರ್ಗ್ ಸಾಮ್ರಾಜ್ಯದಲ್ಲಿತ್ತು. ಅಂದು ಚಕ್ರವರ್ತಿ ಎರಡನೇ ಜೋಸೆಫ್ ಒಂದು ಆಜ್ಞೆ ಹೊರಡಿಸಿದ. ಹತ್ತಿರದ ಗೊರಿಜಿಯಾ ಸೀಮೆಯ ಜಮೀನ್ದಾರನೊಬ್ಬ, ತನ್ನ ಪಡಖಾನೆಗಳಲ್ಲಿ ಬಿಟ್ಟು ಬೇರೆಲ್ಲೂ ವೈನ್ ಮಾರಕೂಡದು ಎಂದು ಪ್ರಜೆಗಳನ್ನು ಕಟ್ಟಿಹಾಕಿದ್ದನಂತೆ. ಅವರ ದೂರು ವಿಯೆನ್ನಾ ಮುಟ್ಟಿದ್ದರ ಫಲ ಈ ಆಜ್ಞೆ ಎನ್ನುತ್ತಾರೆ. ತಾನೇ ಬೆಳೆದ ಆಹಾರ, ತಾನೇ ಮಾಡಿದ ವೈನು, ಹಣ್ಣಿನ ರಸ, ಇಷ್ಟನ್ನು ಯಾರು ಬೇಕಾದರೂ ಮಾರಬಹುದು ಎಂದಿತು ಅದು. ವರ್ಷದ ಯಾವ ಕಾಲದಲ್ಲಾದರೂ ಸರಿ, ತನಗೆ ಇಷ್ಟ ಬಂದ ಬೆಲೆಗೆ. ವಿಯೆನ್ನಾದ ಹೊರವಲಯದಲ್ಲಿ ಇಂದಿಗೂ ಇರುವ ‘ಹೊಯ್ರಿಗರ್’ ಎಂಬ ವೈನ್ ಮನೆಗಳಿಗೂ ಇದೇ ಆಜ್ಞೆ ಆಧಾರ. ಅಲ್ಲಿ ಐವಿಯ ಬದಲು ಪೈನ್ ಅಥವಾ ಫರ್ ಕೊಂಬೆ ಕಟ್ಟುತ್ತಾರೆ. ಹೊಯ್ರಿಗರ್ ಎಂದರೆ ‘ಈ ವರ್ಷದ್ದು’. ನವೆಂಬರ್ 11ರ ಸಂತ ಮಾರ್ಟಿನ್ ಹಬ್ಬ ಬಂದರೆ ಹೊಸ ವೈನಿಗೆ ಆ ಹೆಸರು, ಹಿಂದಿನ ವರ್ಷದ್ದು ಹಳತಾಯಿತು.

ನನ್ನನ್ನು ಕಾಡಿದ್ದು ಒಂದು ಸಣ್ಣ ವಿಷಯ. ಆಜ್ಞೆ ‘ವರ್ಷದ ಯಾವ ಕಾಲದಲ್ಲಾದರೂ’ ಎನ್ನುತ್ತದೆ. ಹೆಸರು ಮಾತ್ರ ‘ಎಂಟು’ ಎನ್ನುತ್ತದೆ. ಅಂದರೆ ಜನ ನೆನಪಿಟ್ಟುಕೊಂಡಿದ್ದು ಸಿಕ್ಕ ಸ್ವಾತಂತ್ರ್ಯವನ್ನಲ್ಲ, ಅದರ ಮಿತಿಯನ್ನು. ಈಗ ಓಸ್ಮಿತ್ಸಾಗಳು ವಾರಗಟ್ಟಲೆ ತೆರೆದಿರುತ್ತವೆ. ಎಂಟು ಮಾತ್ರ ಹೋಗಿಲ್ಲ. ನಮ್ಮಲ್ಲೂ 1957ರಲ್ಲಿ ನಯೇ ಪೈಸೆ ಬಂದು ಆಣೆಯ ಲೆಕ್ಕ ಹೋದಮೇಲೂ ‘ಎಂಟಾಣೆ’ ಎನ್ನುವ ಮಾತು ಎಷ್ಟು ವರ್ಷ ಬಾಯಲ್ಲಿ ಉಳಿಯಿತು!

ಆದರೆ ಆಣೆಯನ್ನು ಮರೆಯಿರಿ ಎಂದು ಯಾರೂ ನಮ್ಮನ್ನು ಹೊಡೆದಿರಲಿಲ್ಲ. ಇಲ್ಲಿ ಹಾಗಾಗಲಿಲ್ಲ. 1915ರ ಜೂನ್‌ನಿಂದ 1917ರ ನವೆಂಬರ್‌ವರೆಗೆ ಇಟಲಿ ಮತ್ತು ಆಸ್ಟ್ರಿಯಾ-ಹಂಗೇರಿಯ ಸೇನೆಗಳು ಇಸೊಂಜೊ ನದಿಯ ಗುಂಟ ಹನ್ನೆರಡು ಕದನಗಳನ್ನು ಕಾದಿದವು. ಕಾರ್ಸೊದ ಕಲ್ಲು ದಿಬ್ಬಗಳೂ ರಣರಂಗವಾದವು. ಸಾಮ್ರಾಜ್ಯ ಮುರಿದು ಈ ಸೀಮೆ ಇಟಲಿಗೆ ಸೇರಿತು. 1920ರ ಜುಲೈ 13ರಂದು ಟ್ರಿಯೆಸ್ಟೆಯಲ್ಲಿ ಸ್ಲೊವೇನಿಯನ್ನರ ಸಭಾಭವನ ನರೋದ್ನಿ ದೋಮ್‌ಗೆ ಫ್ಯಾಸಿಸ್ಟರು ಬೆಂಕಿಯಿಟ್ಟರು. ಮುಂದೆ ಲೇಖಕನಾಗಿ ಹೆಸರಾದ ಬೋರಿಸ್ ಪಾಹೋರ್ ಆ ಉರಿಯನ್ನು ಆರು ವರ್ಷದ ಹುಡುಗನಾಗಿ ಕಂಡವನು. ಬಳಿಕ ಸ್ಲೊವೇನಿಯನ್ ಶಾಲೆಗಳು ಮುಚ್ಚಿದವು, ಮನೆತನದ ಹೆಸರುಗಳನ್ನು ಇಟಾಲಿಯನ್ ಮಾಡಲಾಯಿತು, ಊರುಗಳ ಹೆಸರೂ ಬದಲಾದವು. ಜನರ ಹೆಸರನ್ನೇ ಬಿಡದ ಕಾಲದಲ್ಲಿ ‘ಓಸ್ಮಿತ್ಸಾ’ ಉಳಿದುಕೊಂಡಿತು. ಇಂದು ಸ್ಲೊವೇನಿಯನ್ ಒಂದಕ್ಷರ ಬಾರದ ಟ್ರಿಯೆಸ್ಟೆಯ ಇಟಾಲಿಯನ್ನರೂ ಭಾನುವಾರ ಮಧ್ಯಾಹ್ನ ‘ಓಸ್ಮಿತ್ಸಾಗೆ ಹೋಗೋಣ’ ಎನ್ನುತ್ತಾರೆ. ಹಸಿದವನಿಗೆ ಭಾಷಾನೀತಿ ಯಾಕೆ ಎಂದು ತಮಾಷೆಗೆ ಹೇಳಬಹುದು, ಆದರೆ ನನಗೆ ಅದು ತಮಾಷೆ ಅನ್ನಿಸಲಿಲ್ಲ.

ಎರಡನೇ ಮಹಾಯುದ್ಧದ ನಂತರ ಗಡಿ ಕಾರ್ಸೊವನ್ನೇ ಸೀಳಿತು. 2007ರ ಡಿಸೆಂಬರ್ 21ರಂದು ಸ್ಲೊವೇನಿಯಾ ಷೆಂಗೆನ್ ಒಪ್ಪಂದಕ್ಕೆ ಸೇರಿದಾಗ ಗಡಿಯ ತಪಾಸಣೆ ನಿಂತಿತು. ಅತ್ತಲೂ ಇತ್ತಲೂ ಅದೇ ಬಳ್ಳಿ, ಅದೇ ಹೆಸರು.

ಊಟ ಎಂದರೆ ಏನು? ಬಿಸಿಯದು ಬಹುಮಟ್ಟಿಗೆ ಇಲ್ಲ. ಬೇಯಿಸಿದ ಮೊಟ್ಟೆ, ಮನೆಯ ಹಂದಿಯ ಸಲಾಮಿ, ಬೋರಾ ಎಂಬ ಒಣ ಚಳಿಗಾಳಿಗೆ ಒಣಗಿದ ತೊಡೆಮಾಂಸದ ತೆಳು ಹೋಳು, ಚೀಸ್, ಉಪ್ಪಿನಲ್ಲಿಟ್ಟ ತರಕಾರಿ, ಬ್ರೆಡ್. ಮಾಂಸ ತಿನ್ನದ ನನಗೆ ಮೊಟ್ಟೆ, ಚೀಸು ಸಾಕಾಯಿತು. ವೈನು ಎರಡೂ ಬಣ್ಣದ್ದು: ಬಿಳಿಯ ವಿಟೊವ್‌ಸ್ಕಾ, ಮಾಲ್ವಾಸಿಯಾ, ಕೆಂಪು ತೆರಾನೊ. ತೆರಾನೊ ಗಡುಸು, ಹುಳಿ ಜೋರು. ಮೊದಲ ಗುಟುಕಿಗೆ ಮುಖ ಕಿವುಚುತ್ತದೆ. ಉಪ್ಪು ಹೆಚ್ಚಾದ ಚೀಸಿನ ಜೊತೆ ಎರಡನೆಯ ಗುಟುಕು ಇಳಿದಾಗ ಯಾಕೆ ಹಾಗಿದೆ ಎಂದು ತಿಳಿಯುತ್ತದೆ. ಜಗತ್ತೆಲ್ಲ ಕುಡಿಯುವ ಪ್ರೊಸೆಕ್ಕೊಗೆ ಹೆಸರು ಕೊಟ್ಟ ಹಳ್ಳಿಯೂ ಈ ದಿಬ್ಬದ ಮೇಲೇ ಇದೆ. ಆ ವೈನಿನ ದೊಡ್ಡ ತೋಟಗಳು ಮಾತ್ರ ದೂರದ ವೆನೆತೊದಲ್ಲಿವೆ.

ಯಾವ ಮನೆ ಇಂದು ತೆರೆದಿದೆ ಎಂದು ಈಗ ಮೊಬೈಲಿನಲ್ಲೇ ನೋಡಿಕೊಳ್ಳಬಹುದು. ಆದರೂ ಬಳ್ಳಿ ಕಟ್ಟುವುದನ್ನು ಯಾರೂ ಬಿಟ್ಟಿಲ್ಲ. ನಾನು ಹೋದ ಮನೆಯ ಬಳ್ಳಿಯ ಎಲೆಗಳು ಅಂಚಿನಲ್ಲಿ ಕಂದಾಗಿದ್ದವು. ಹೊಸದು ಕಟ್ಟುವುದಿಲ್ಲವೇ ಎಂದು ಕೇಳಿದೆ. ಮನೆಯೊಡತಿ ಪೀಪಾಯಿಯನ್ನು ಬೆರಳಿನಿಂದ ತಟ್ಟಿ ಸದ್ದು ಕೇಳಿಸಿದರು. ಅರ್ಧಕ್ಕಿಂತ ಹೆಚ್ಚು ಖಾಲಿ. ಇದು ಮುಗಿದರೆ ಬಳ್ಳಿ ಇಳಿಸುತ್ತೇವೆ, ಮತ್ತೆ ಕಟ್ಟುವುದು ಚಳಿ ಕಳೆದ ಮೇಲೆ ಎಂದರು.