ಬೆಲೆಮಿತಿ ಮತ್ತು ಕಂಪನಿಯ ಒಳಲೆಕ್ಕ: ಬ್ರಿಟನ್ನಿನ ವಿದ್ಯುತ್ ವಿತರಣೆಯ ಒಂದು ಪ್ರಕರಣ

1990ರ ಡಿಸೆಂಬರಿನಲ್ಲಿ ಬ್ರಿಟನ್ ಸರ್ಕಾರ ಇಂಗ್ಲೆಂಡ್ ಮತ್ತು ವೇಲ್ಸಿನ 12 ಪ್ರಾದೇಶಿಕ ವಿದ್ಯುತ್ ಕಂಪನಿಗಳನ್ನು ಷೇರಿಗೆ 2.40 ಪೌಂಡಿನಂತೆ ಮಾರಿತು. ಉತ್ಪಾದನೆಯಲ್ಲಿ ಪೈಪೋಟಿ ತರಲು ಸಾಧ್ಯವಿತ್ತು. ವಿತರಣೆಯ ಮಾತು ಬೇರೆ. ಒಂದೇ ಬೀದಿಯಲ್ಲಿ ಎರಡು ಕಂಪನಿಗಳು ತಂತಿ ಎಳೆದರೆ ಖರ್ಚು ಇಮ್ಮಡಿ, ಪ್ರಯೋಜನ ಅಷ್ಟೇ. ಹಾಗಾಗಿ ತಂತಿಜಾಲ ಏಕಸ್ವಾಮ್ಯವಾಗಿಯೇ ಉಳಿಯಿತು. ಅದಕ್ಕೆ ಕಡಿವಾಣವಾಗಿ ಬಂದದ್ದು ಸ್ಟೀಫನ್ ಲಿಟಲ್‌ಚೈಲ್ಡ್ 1983ರಲ್ಲಿ ಬ್ರಿಟಿಷ್ ಟೆಲಿಕಾಂಗಾಗಿ ಸೂಚಿಸಿದ್ದ ಸೂತ್ರ: ದರದ ಏರಿಕೆ, ಚಿಲ್ಲರೆ ಬೆಲೆ ಸೂಚ್ಯಂಕದ ಏರಿಕೆಯಲ್ಲಿ 'ಎಕ್ಸ್' ಕಳೆದು ಉಳಿದಷ್ಟನ್ನು ಮೀರಬಾರದು. ಈ ಮಿತಿ ಕೆಲವು ವರ್ಷ ಬದಲಾಗುವುದಿಲ್ಲ. ಆ ಅವಧಿಯಲ್ಲಿ ಖರ್ಚು ತಗ್ಗಿಸಿದ ಕಂಪನಿ ಉಳಿತಾಯವನ್ನು ತಾನೇ ಇಟ್ಟುಕೊಳ್ಳಬಹುದು.

ಸೂತ್ರದ ಜಾಣ್ಮೆಯೂ ದೌರ್ಬಲ್ಯವೂ ಇಲ್ಲೇ ಇವೆ. ಎಕ್ಸ್ ಎಷ್ಟಿರಬೇಕೆಂದು ತೀರ್ಮಾನಿಸಲು ಖರ್ಚು ಎಷ್ಟು ತಗ್ಗಬಲ್ಲದು ಎಂಬುದು ತಿಳಿದಿರಬೇಕು. ಅದು ಗೊತ್ತಿರುವುದು ಕಂಪನಿಗೆ, ತೀರ್ಮಾನಿಸುವವರು ನಿಯಂತ್ರಕರು.

1994ರ ಆಗಸ್ಟಿನಲ್ಲಿ, ಆಗ ವಿದ್ಯುತ್ ನಿಯಂತ್ರಕರಾಗಿದ್ದ ಲಿಟಲ್‌ಚೈಲ್ಡ್ ಅವರೇ ಹೊಸ ಮಿತಿ ಪ್ರಕಟಿಸಿದರು: ವಿತರಣಾ ದರದಲ್ಲಿ ಒಮ್ಮೆಗೆ ಶೇ. 11ರಿಂದ 17ರಷ್ಟು ಕಡಿತ, ಆಮೇಲೆ ಎಕ್ಸ್ 2. ಕಠಿಣ ಆದೇಶ ಬರುವುದೆಂದು ಕಾದಿದ್ದ ಷೇರುಪೇಟೆ ಹಿಗ್ಗಿತು. ಕಂಪನಿಗಳ ಷೇರುಬೆಲೆ ಏರಿತು. ಡಿಸೆಂಬರಿನಲ್ಲಿ ಟ್ರಫಾಲ್ಗರ್ ಹೌಸ್ ಸಂಸ್ಥೆ ನಾರ್ದರ್ನ್ ಎಲೆಕ್ಟ್ರಿಕ್ ಕಂಪನಿಯನ್ನು ಕೊಳ್ಳಲು ಮುಂದಾಯಿತು. ಕೈತಪ್ಪಿ ಹೋಗಬಾರದೆಂದು ನಾರ್ದರ್ನ್ ಆಡಳಿತ ತನ್ನ ಷೇರುದಾರರಿಗೆ ಷೇರೊಂದಕ್ಕೆ ಸುಮಾರು 5 ಪೌಂಡ್ ಮೌಲ್ಯದ ಕೊಡುಗೆ ಘೋಷಿಸಿತು. ನಾಲ್ಕು ವರ್ಷದ ಹಿಂದೆ ಷೇರು ಮಾರಾಟವಾದ ಬೆಲೆಯ ಇಮ್ಮಡಿ! ದರ ಪರಿಶೀಲನೆ ಹೊರಗೆಳೆಯಲಾಗದ ಲೆಕ್ಕವನ್ನು ಕಂಪನಿ ತಾನಾಗಿಯೇ ಪೇಟೆಯ ಮುಂದಿಟ್ಟಿತ್ತು.

1995ರ ಮಾರ್ಚಿನಲ್ಲಿ ಲಿಟಲ್‌ಚೈಲ್ಡ್ ಪರಿಶೀಲನೆಯನ್ನು ಮತ್ತೆ ತೆರೆಯುವುದಾಗಿ ಹೇಳಿದರು. ಜುಲೈಯಲ್ಲಿ ಇನ್ನೂ ಶೇ. 10ರಿಂದ 13ರಷ್ಟು ಕಡಿತ, ಎಕ್ಸ್ 3 ಎಂದಾಯಿತು. ಕೊಟ್ಟ ಮಿತಿಯನ್ನು ನಡುವೆಯೇ ಮುರಿದರೆ ಖರ್ಚು ತಗ್ಗಿಸುವ ಉತ್ಸಾಹ ಕುಂದುತ್ತದೆ ಎಂಬ ಆಕ್ಷೇಪ ತೂಕದ್ದೇ. ಆದರೂ ಅವರು ಮಾಡಿದ್ದು ಸರಿ ಎಂಬುದು ನನ್ನ ನಿಲುವು. ಬೇರೆ ಕಂಪನಿಗೆ ಹೋಗುವ ದಾರಿಯೇ ಇಲ್ಲದ ಗ್ರಾಹಕನ ಪರವಾಗಿ ಮಾತಾಡಬಲ್ಲವರು ನಿಯಂತ್ರಕರೊಬ್ಬರೇ; ಹೆಚ್ಚುವರಿ ಲಾಭ ಎಲ್ಲರ ಕಣ್ಣೆದುರಿಗೇ ಇರುವಾಗ ಅವರು ಸುಮ್ಮನಿದ್ದಿದ್ದರೆ ಇಡೀ ವ್ಯವಸ್ಥೆಯ ನೈತಿಕ ಆಧಾರವೇ ಕುಸಿಯುತ್ತಿತ್ತು.

ಹಳೆಯ ಲಾಭ ಮಾತ್ರ ಗ್ರಾಹಕರಿಗೆ ಮರಳಲಿಲ್ಲ. 1997ರಲ್ಲಿ ಲೇಬರ್ ಸರ್ಕಾರ ಖಾಸಗೀಕರಣಗೊಂಡ ಸೇವಾ ಕಂಪನಿಗಳ ಮೇಲೆ ಒಂದು ಬಾರಿಯ ತೆರಿಗೆ ಹಾಕಿ ಸುಮಾರು 520 ಕೋಟಿ ಪೌಂಡ್ ವಸೂಲು ಮಾಡಿತು. ಆ ಹಣ ನಿರುದ್ಯೋಗಿಗಳಿಗೆ ಕೆಲಸ ಕೊಡಿಸುವ ಯೋಜನೆಗೆ ಹೋಯಿತು, ಹೆಚ್ಚು ದರ ತೆತ್ತವರ ಬಿಲ್ಲಿಗಲ್ಲ.