ಘಟ್ಟ ಹತ್ತಿ ಹೋದ ಗೋವಾದ ಆಟ

ಎರಡನೇ ಮಹಾಯುದ್ಧದ ಕಾಲದ ಗೋವಾದಲ್ಲಿ ಕಾಲೇಜು ಫುಟ್‌ಬಾಲ್ ತಂಡವೊಂದರ ಆಟದ ವರ್ಷವನ್ನು ಹುಡುಕಹೊರಟರೆ ಮೊದಲು ಸಿಗುವುದು ಖಾಲಿ ಜಾಗ. ಇಷ್ಟೊಂದು ಫುಟ್‌ಬಾಲ್ ಪ್ರೀತಿಯ ನೆಲದಲ್ಲಿ ಹೀಗೇಕೆ ಎಂದರೆ ಯುದ್ಧದ ಕಡೆಗೆ ಬೆರಳು ತೋರಿಸುವುದು ಸುಲಭ. ಆದರೆ ಆ ಉತ್ತರ ನಿಲ್ಲುವುದಿಲ್ಲ. ಗೋವಾವನ್ನು ಆಳುತ್ತಿದ್ದ ಪೋರ್ಚುಗಲ್ ಯುದ್ಧದಲ್ಲಿ ತಟಸ್ಥವಾಗಿತ್ತು, ಗೋವಾವೂ ಹಾಗೆಯೇ. 1943ರ ಮಾರ್ಚ್ 9ರ ರಾತ್ರಿ ಬ್ರಿಟಿಷ್ ಭಾರತದ ಸಹಾಯಕ ಪಡೆಯಾದ ಕಲ್ಕತ್ತಾ ಲೈಟ್ ಹಾರ್ಸ್‌ನ ಸ್ವಯಂಸೇವಕರು ಮುರ್ಮಗಾಂವ್ ಬಂದರಿಗೆ ನುಗ್ಗಿ ಜರ್ಮನಿಯ 'ಎಹ್ರೆನ್‌ಫೆಲ್ಸ್' ಹಡಗಿನ ಮೇಲೆ ದಾಳಿ ಮಾಡಿದ್ದನ್ನು ಬಿಟ್ಟರೆ ಕದನ ಅಲ್ಲಿಗೆ ಕಾಲಿಡಲಿಲ್ಲ. ಯುದ್ಧದಲ್ಲಿ ಮುಳುಗಿದ್ದ ಬ್ರಿಟಿಷ್ ಭಾರತದಲ್ಲೋ, 1941ರಿಂದ ಡ್ಯುರಾಂಡ್ ಕಪ್ ನಿಂತುಹೋದರೂ ಮುಂಬಯಿಯ ರೋವರ್ಸ್ ಕಪ್ ನಡೆಯಿತು: 1940ರಲ್ಲಿ ಮೊಹಮ್ಮಡನ್ ಸ್ಪೋರ್ಟಿಂಗ್, 1942ರಲ್ಲಿ ಬಾಟಾ ತಂಡ ಗೆದ್ದವು. ಯುದ್ಧ ಮಾಡುತ್ತಿದ್ದ ನೆಲದಲ್ಲಿ ಪಂದ್ಯಾವಳಿ ನಡೆಯಿತು, ತಟಸ್ಥ ನೆಲದಲ್ಲಿ ಕಾಲೇಜು ತಂಡವೇ ಇರಲಿಲ್ಲ. ಕಾರಣವನ್ನು ಬೇರೆಡೆ ಹುಡುಕಬೇಕು.

ನನ್ನ ಮಟ್ಟಿಗೆ ಆ ಕಾರಣ ಇದು: ಗೋವಾದಲ್ಲಿ ಆಟಗಾರರಿದ್ದರು, ಕಾಲೇಜುಗಳಿರಲಿಲ್ಲ. ನಾಲ್ಕೂವರೆ ಶತಮಾನ ಆಳಿದ ಸರ್ಕಾರ ಅಲ್ಲಿ ಒಂದು ಕಲಾ ಅಥವಾ ವಿಜ್ಞಾನ ಕಾಲೇಜನ್ನೂ ಕಟ್ಟಲಿಲ್ಲ. ಪಣಜಿಯಲ್ಲಿ 1842ರ ವೈದ್ಯಕೀಯ ಶಾಲೆ ಇತ್ತು, 1854ರ ಲೈಸಿಯಂ ಎಂಬ ಪ್ರೌಢಶಾಲೆ ಇತ್ತು, ರಾಯತೂರಿನಲ್ಲಿ ಪಾದ್ರಿಗಳ ಸೆಮಿನರಿ ಇತ್ತು. ಅಲ್ಲಿಯ ಹುಡುಗರು ಚೆಂಡು ಒದೆಯುತ್ತಿರಲಿಲ್ಲವೇ ಎಂದು ಯಾರಾದರೂ ಕೇಳಬಹುದು. ಒದೆಯುತ್ತಿದ್ದಿರಬಹುದು. ಆದರೆ ಚೆಂಡು ಒದೆಯುವುದು ಬೇರೆ, ಒಂದು ವರ್ಷದ ಆಟವೆಂಬುದು ಬೇರೆ. ಅದಕ್ಕೆ ಸಮಬಲದ ಎದುರಾಳಿ ಬೇಕು, ಮೊದಲೇ ಗೊತ್ತಾದ ದಿನ ಬೇಕು, ಸೋಲು ಗೆಲುವನ್ನು ಬರೆದಿಡುವವರು ಬೇಕು. ಒಂದೊಂದೇ ಇದ್ದ ಸಂಸ್ಥೆಗಳಿಗೆ ತಮ್ಮಂಥ ಮತ್ತೊಂದು ಸಂಸ್ಥೆ ಗೋವಾದೊಳಗೆ ಇರಲೇ ಇಲ್ಲ. ಮೇಲಾಗಿ ಪೋರ್ಚುಗಲ್ಲಿನ ಸರ್ವಾಧಿಕಾರಿ ಸಲಜಾರ್ ಆಡಳಿತದಲ್ಲಿ ಜನ ಒಂದೆಡೆ ಸೇರುವುದೇ ಅನುಮಾನದ ಸಂಗತಿಯಾಗಿತ್ತು. 1946ರ ಜೂನ್ 18ರಂದು ರಾಮಮನೋಹರ ಲೋಹಿಯಾ ಮಡಗಾಂವದಲ್ಲಿ ಮುರಿದದ್ದು ಸಾರ್ವಜನಿಕ ಸಭೆಯ ನಿಷೇಧವನ್ನೇ. ಅಂಥ ವಾತಾವರಣದಲ್ಲಿ ಯುವಕರ ಸಂಘಟನೆ ತಾನಾಗಿ ಬೆಳೆಯುವುದು ಕಷ್ಟ.

ಗೋವಾದ ಫುಟ್‌ಬಾಲಿಗೆ ಕಾಲೇಜೇ ಬೇಕಿರಲಿಲ್ಲ, ಅದು ಇಗರ್ಜಿಯ ಅಂಗಳದಲ್ಲಿ, ಊರ ಗದ್ದೆಯಲ್ಲಿ ಬೆಳೆದ ಆಟ ಎಂಬುದು ಇದಕ್ಕಿಂತ ಗಟ್ಟಿಯಾದ ಆಕ್ಷೇಪ. ಅದರಲ್ಲಿ ಸತ್ಯವಿದೆ. 1883ರಲ್ಲಿ ಬಾರ್ದೇಸ್ ತಾಲ್ಲೂಕಿನ ಶಿವೋಲಿಗೆ ಬಂದ ಫಾದರ್ ವಿಲಿಯಂ ರಾಬರ್ಟ್ ಲಯನ್ಸ್ ಆಟವನ್ನು ಕಲಿಸಿದರು. ಅರ್ಪೋರಾದ ಸೇಂಟ್ ಜೋಸೆಫ್ ಶಾಲೆಯ ಹುಡುಗರ ಮೂಲಕ ಅದು ಊರೂರಿಗೆ ಹರಡಿತು. ಭತ್ತದ ಕೊಯ್ಲು ಮುಗಿದು ಗದ್ದೆ ಒಣಗಿತೆಂದರೆ ಅದೇ ಮೈದಾನ, ಬರಿಗಾಲೇ ಬೂಟು. ಈ ಬೇರು ಇಲ್ಲದಿದ್ದರೆ ಗೋವಾದ ಫುಟ್‌ಬಾಲೇ ಇಲ್ಲ. ಆದರೂ ಗದ್ದೆ ಆಟಗಾರನನ್ನು ಕೊಡುತ್ತದೆ, ಅವನನ್ನು ಮುಂದಿನ ಮೆಟ್ಟಿಲಿಗೆ ಒಯ್ಯುವುದಿಲ್ಲ. ಬೆಂಗಳೂರನ್ನು ಪಕ್ಕಕ್ಕಿಟ್ಟು ನೋಡಿದರೆ ಇದು ತಿಳಿಯುತ್ತದೆ. ದಂಡು ಪ್ರದೇಶದ ಪಲ್ಟನ್ನುಗಳು, ಕಾಲೇಜುಗಳು, ಬಡಾವಣೆಯ ಕ್ಲಬ್ಬುಗಳು ಒಂದನ್ನೊಂದು ಎದುರಿಸುತ್ತಿದ್ದ ಆ ಊರಿನಿಂದ ಬೆಂಗಳೂರು ಮುಸ್ಲಿಮ್ಸ್ 1937 ಮತ್ತು 1938ರಲ್ಲಿ ರೋವರ್ಸ್ ಕಪ್ ತಂದಿತು. ಯುದ್ಧ ಮುಗಿದೊಡನೆ ಮೈಸೂರು ತಂಡ ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಈ ನೆಲದವರು. ಬೆಂಗಳೂರಿನ ಹುಡುಗನಿಗೂ ಬಾರ್ದೇಸಿನ ಹುಡುಗನಿಗೂ ಇದ್ದ ವ್ಯತ್ಯಾಸ ಕಾಲಿನದಲ್ಲ, ಏಣಿಯದು.

ಆ ಏಣಿ ಗೋವನ್ನರಿಗೆ ಸಿಕ್ಕಿದ್ದು ಗಡಿಯಾಚೆ. ಮೆಟ್ರಿಕ್ ಮುಂದಿನ ಓದು ಬೇಕಾದವರು ಮುಂಬಯಿಗೆ ಹೋಗಬೇಕಿತ್ತು, ಇಲ್ಲವೇ ಮುರ್ಮಗಾಂವದಲ್ಲಿ ರೈಲು ಹತ್ತಿ, ಕ್ಯಾಸಲ್‌ರಾಕ್, ಲೋಂಡಾ ದಾಟಿ ಬೆಳಗಾವಿ, ಧಾರವಾಡಕ್ಕೆ. ಬೆಳಗಾವಿಯಲ್ಲಿ 1856ರ ಸೇಂಟ್ ಪಾಲ್ಸ್ ಶಾಲೆ, 1933ರ ಲಿಂಗರಾಜ ಕಾಲೇಜು. ಧಾರವಾಡದಲ್ಲಿ 1917ರ ಕರ್ನಾಟಕ ಕಾಲೇಜು. ಕೆಲಸಕ್ಕೆ ಹೋದವರಿಗೆ ಮುಂಬಯಿಯಲ್ಲಿ ಊರಿನ ಹೆಸರು ಹೊತ್ತ 'ಕುಡ್' ಎಂಬ ವಸತಿಮನೆಗಳಿದ್ದವು. ಹಾಗಾಗಿ ಯುದ್ಧಕಾಲದ ಗೋವನ್ ವಿದ್ಯಾರ್ಥಿ ಮೈದಾನಕ್ಕಿಳಿದಾಗ ತೊಟ್ಟದ್ದು ಬೇರೆ ಊರಿನ ಅಂಗಿ. ಅವನ ಗೋಲುಗಳು ಸೇರಿದ್ದು ಬೇರೆ ಊರಿನ ಲೆಕ್ಕಕ್ಕೆ. ಗೋವಾ ಮೂಲದ ನೆವಿಲ್ ಡಿಸೋಜಾ 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ ಮೂರು ಗೋಲು ಹೊಡೆದಾಗಲೂ ಅವರು ಮುಂಬಯಿಯ ಆಟಗಾರ. ಗೋವಾದ ಕ್ರೀಡಾ ಇತಿಹಾಸ ಬರೆಯುವವರು ಪಣಜಿಯ ದಾಖಲೆಗಳಷ್ಟೇ ಶ್ರದ್ಧೆಯಿಂದ ಬೆಳಗಾವಿ, ಧಾರವಾಡಗಳ ಹಳೆಯ ಕಾಲೇಜು ಸಂಚಿಕೆಗಳನ್ನೂ ತಿರುವಿಹಾಕಬೇಕು ಎನ್ನುವುದು ಇದಕ್ಕಾಗಿಯೇ.

ಗೋವಾದ ಆಟವನ್ನು ಎತ್ತಿದ್ದು ಮುಂದೆ ಬಂದ ಅದಿರಿನ ದುಡ್ಡು ಎನ್ನುವವರೂ ಇದ್ದಾರೆ. ವಾಸ್ಕೊ ಕ್ಲಬ್ಬು 1951ರಲ್ಲಿ, ಸಾಲಗಾಂವಕರ್ 1956ರಲ್ಲಿ ಹುಟ್ಟಿದವು. ಗೋವಾ ಫುಟ್‌ಬಾಲ್ ಸಂಸ್ಥೆ 1959ರ ಡಿಸೆಂಬರಿನಲ್ಲಿ. ದುಡ್ಡಿನ ಪಾಲು ದೊಡ್ಡದೇ. ಆದರೆ ದುಡ್ಡು ಕ್ಲಬ್ಬು ಕಟ್ಟಿತು, ಕಾಲೇಜು ತಂಡವನ್ನಲ್ಲ. ಅದಕ್ಕೆ 1961ರ ವಿಮೋಚನೆಯನ್ನು ಕಾಯಬೇಕಾಯಿತು. ಮರುವರ್ಷವೇ ಪಣಜಿಯಲ್ಲಿ ಧೆಂಪೆ ಕಾಲೇಜು, ಮಡಗಾಂವದಲ್ಲಿ ಚೌಗುಲೆ ಕಾಲೇಜು ತೆರೆದವು. ಗೋವಾದ ಕಾಲೇಜೊಂದಕ್ಕೆ ಘಟ್ಟ ಹತ್ತದೆ ತಲುಪಬಹುದಾದ ಎದುರಾಳಿ ಸಿಕ್ಕಿದ್ದು ಆಗ.