ಕಿತ್ತೂರಿನ ಬೊಕ್ಕಸವೂ ರಾಜ್ಯಾಧಿಕಾರದ ಮೇರೆಯೂ

ಕಿತ್ತೂರಿನ ಹೋರಾಟವನ್ನು ನಾವು ಶೌರ್ಯದ ಕಥೆಯೆಂದು ಸ್ಮರಿಸುತ್ತೇವೆ, ಅದು ಯುಕ್ತವೇ. ಆದರೆ ಆ ಕಲಹದ ಮೂಲದಲ್ಲಿ ಆಸ್ತಿ ಮತ್ತು ಉತ್ತರಾಧಿಕಾರದ ಪ್ರಶ್ನೆಯೊಂದಿತ್ತೆಂಬುದನ್ನು ಮರೆಯಬಾರದು.

೧೮೨೪ರ ಸೆಪ್ಟೆಂಬರಿನಲ್ಲಿ ದೇಸಾಯಿ ಶಿವಲಿಂಗರುದ್ರಸರ್ಜನು ಸಂತಾನವಿಲ್ಲದೆ ತೀರಿಕೊಂಡನು. ಶಿವಲಿಂಗಪ್ಪನೆಂಬ ಬಾಲಕನನ್ನು ದತ್ತು ತೆಗೆದುಕೊಳ್ಳಲಾಗಿತ್ತು. ಧಾರವಾಡದ ಕಲೆಕ್ಟರ್ ಥ್ಯಾಕರೆಯು ಆ ದತ್ತಕವನ್ನು ಒಪ್ಪದೆ ಬೊಕ್ಕಸಕ್ಕೆ ಮುದ್ರೆಯೊತ್ತಿಸಿ ಕಾವಲಿರಿಸಿದನು. ಅಕ್ಟೋಬರ್ ೨೩ರ ಕಾಳಗದಲ್ಲಿ ಅವನು ಹತನಾದನು. ಡಿಸೆಂಬರಿನಲ್ಲಿ ಕೋಟೆ ಬಿದ್ದಿತು. ರಾಣಿ ಚೆನ್ನಮ್ಮನವರು ೧೮೨೯ರಲ್ಲಿ ಬೈಲಹೊಂಗಲದ ಸೆರೆಯಲ್ಲಿಯೇ ಕಾಲವಾದರು.

ದತ್ತಕವು ಸಿಂಧುವೋ ಅಸಿಂಧುವೋ ಎಂದು ನಿರ್ಣಯಿಸಿದವರಾರು? ಅದು ಅಸಿಂಧುವಾದರೆ ಸಂಸ್ಥಾನವು ಯಾರ ಕೈಸೇರುತ್ತಿತ್ತೋ ಆ ಕಂಪನಿಯವರೇ! ವಾದಿಯೂ ನ್ಯಾಯಾಧೀಶನೂ ಜಪ್ತಿದಾರನೂ ಒಬ್ಬನೇ ಆದಲ್ಲಿ ನ್ಯಾಯಕ್ಕೆ ಎಡೆಯೆಲ್ಲಿ? ಪೇಟೆಯ ತಕರಾರಿನಲ್ಲಿಯೂ ಸಾಹುಕಾರನೇ ಪಂಚನಾಗುವುದನ್ನು ಯಾರೂ ಒಪ್ಪುವುದಿಲ್ಲ. ನರಗುಂದದ ಬಾಬಾಸಾಹೇಬ ಭಾವೆಯವರಿಗೂ ದತ್ತಕದ ಅನುಮತಿ ನಿರಾಕರಿಸಲ್ಪಟ್ಟು, ೧೮೫೮ರಲ್ಲಿ ಬಂಡಾಯವು ರಾಮದುರ್ಗ ಸೀಮೆಯ ಸುರೇಬಾನದವರೆಗೂ ಹಬ್ಬಿತು.

೧೯೫೦ರ ಸಂವಿಧಾನವು ಈ ಕೊರತೆಯನ್ನು ನೀಗಿಸಿತು. ಪ್ರಜೆಯು ಸರ್ಕಾರವನ್ನೇ ನ್ಯಾಯಾಲಯಕ್ಕೆ ಎಳೆಯಬಹುದಾಯಿತು. ಕಾಸರಗೋಡಿನ ಎಡನೀರು ಮಠದ ಶ್ರೀ ಕೇಶವಾನಂದ ಭಾರತಿಯವರು ಮಠದ ಭೂಮಿಗಾಗಿ ಹೂಡಿದ ದಾವೆಯಲ್ಲಿ, ೧೯೭೩ರ ಏಪ್ರಿಲ್ ೨೪ರಂದು ಹದಿಮೂರು ನ್ಯಾಯಮೂರ್ತಿಗಳ ಪೀಠವು, ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲರಚನೆಯನ್ನು ಕೆಡಿಸಲಾಗದು ಎಂದು ಬಹುಮತದಿಂದ ತೀರ್ಪಿತ್ತಿತು.

ಹಾಗೆಂದು ಆಸ್ತಿಯ ಹಕ್ಕು ನಿರಂಕುಶವಲ್ಲ. ೧೯೭೪ರ ಮಾರ್ಚ್ ೧ರಿಂದ ಜಾರಿಯಾದ ಭೂಸುಧಾರಣೆಯ ತಿದ್ದುಪಡಿಯು ಕರ್ನಾಟಕದಲ್ಲಿ ಉಳುವ ಗೇಣಿದಾರನಿಗೆ ಒಡೆತನದ ದಾರಿ ತೆರೆಯಿತು. ಭೂಮಿ ಬಿಟ್ಟುಕೊಟ್ಟವರಿಗೆ ಅದು ನೋವೆನಿಸಿದರೂ, ಶಾಸನಸಭೆಯ ಕಾನೂನಿನ ಮೂಲಕ ನಡೆದ ಕಾರ್ಯವದು. ೪೪ನೆಯ ತಿದ್ದುಪಡಿಯಿಂದ ೧೯೭೯ರಲ್ಲಿ ಆಸ್ತಿಯು ಮೂಲಭೂತ ಹಕ್ಕಾಗಿ ಉಳಿಯಲಿಲ್ಲ. ಆದರೂ ೩೦೦-ಎ ವಿಧಿಯಂತೆ ಕಾನೂನಿನ ಆಧಾರವಿಲ್ಲದೆ ಯಾರ ಆಸ್ತಿಯನ್ನೂ ಕಸಿಯುವಂತಿಲ್ಲ. ಬರಿಯ ಕಾನೂನಿದ್ದರೂ ಸಾಲದು. ತಿಳುವಳಿಕೆ ನೀಡಬೇಕು, ಆಕ್ಷೇಪಣೆ ಆಲಿಸಬೇಕು, ಕಾರಣಸಹಿತ ನಿರ್ಣಯ ಕೊಡಬೇಕು, ಸಾರ್ವಜನಿಕ ಉದ್ದೇಶವಿರಬೇಕು, ನ್ಯಾಯವಾದ ಪರಿಹಾರ ದೊರೆಯಬೇಕು ಎಂದು ೨೦೨೪ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಸ್ಪಷ್ಟಪಡಿಸಿದೆ.

ಬಸದಿಗಳ ವಿಶ್ವಸ್ತರು ಇದರಿಂದ ಎರಡು ಪಾಠಗಳನ್ನು ಕಲಿಯಬೇಕು. ದತ್ತಿಪತ್ರ, ಪಹಣಿ, ಮೋಜಣಿ ನಕಾಶೆಗಳನ್ನು ಸುಸ್ಥಿತಿಯಲ್ಲಿಟ್ಟು, ನೋಟೀಸಿಗೆ ಅವಧಿಯೊಳಗೆ ಉತ್ತರಿಸುವುದು ಮೊದಲನೆಯದು. ಕಾಗದವಿಲ್ಲದ ಹಕ್ಕು ಕಚೇರಿಯಲ್ಲಿ ಮೂಕವಾಗುತ್ತದೆ. ಎರಡನೆಯದು ಇದಕ್ಕಿಂತ ಕಠಿಣವಾದುದು. ಸರ್ಕಾರದಿಂದ ನಾವು ಬಯಸುವ ಮರ್ಯಾದೆಯನ್ನು ನಮ್ಮ ಮಳಿಗೆಯ ಬಾಡಿಗೆದಾರನಿಗೂ ನಾವು ಸಲ್ಲಿಸಬೇಕು. ಅವನ ಅಹವಾಲನ್ನು ಕೇಳದೆ ಬೀಗ ಜಡಿಯುವ ವಿಶ್ವಸ್ತನಿಗೆ ಥ್ಯಾಕರೆಯ ಮುದ್ರೆಯನ್ನು ನಿಂದಿಸುವ ಅಧಿಕಾರವಿಲ್ಲ.